ದೂರದರ್ಶನದ ಜಮಾಖರ್ಚೂ ನಮ್ಮ ಮನೆಯ ಜಗಲಿಯೂ

ಮೈಸೂರಿನಿಂದ ನಂಜನಗೂಡಿನ ಮೇಲೆ ಗುಂಡ್ಲುಪೇಟೆಗೂ ಅಲ್ಲಿಂದಾಚೆ ಊಟಿಗೂ ಹೋಗತಕ್ಕ ಹೆದ್ದಾರಿಯಲ್ಲಿ ಬೇಗೂರು ಇರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಈ ರಸ್ತೆಗೆ ಸಮೀಪದಲ್ಲಿಯೇ ನಮ್ಮ ಹಳೆಯ ಮನೆಯಿದೆ. ಅದಕ್ಕೆ ಎರಡು ಅಂಕಣದ ಜಗಲಿ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದಂದಿನಿಂದ ಸಾಯಂಕಾಲ ಆ ಜಗಲಿಯಲ್ಲಿ ಊರಿನ ಮಕ್ಕಳಿಗೆ ಶಬ್ದಗಳನ್ನೂ ಅಮರಕೋಶವನ್ನೂ ನಾಲ್ಕಾರು ಸುಭಾಷಿತಗಳನ್ನೂ ಹೇಳಿಕೊಡುವ ಪದ್ಧತಿಯನ್ನಿಟ್ಟುಕೊಂಡಿದ್ದೇನೆ. ಪಾಠಶಾಲೆಯಲ್ಲಿ ನನಗೆ ವಿದ್ಯೆ ಕೊಟ್ಟವರು ಶುಲ್ಕ ಕೇಳಲಿಲ್ಲ, ನಾನೂ ಕೇಳುವುದಿಲ್ಲ.

ಎರಡು ವರ್ಷಗಳ ಹಿಂದೆ ಬೀಜ ಗೊಬ್ಬರದ ವ್ಯಾಪಾರಿಯೊಬ್ಬರು ಬಂದು, “ಮೇಷ್ಟ್ರೇ, ಜಗಲಿಯಲ್ಲಿ ಒಂದಂಕಣ ನನಗೆ ಕೊಡಿ, ತಿಂಗಳಿಗೆ ಮೂರು ಸಾವಿರ ಕೊಡುತ್ತೇನೆ” ಎಂದರು. ಮಕ್ಕಳಿಗೆ ಪುಸ್ತಕ, ಹಲಗೆ, ಒಂದು ಒಳ್ಳೆಯ ದೀಪ ಇವುಗಳಿಗೆ ನನ್ನ ಪಿಂಚಣಿಯಿಂದಲೇ ವೆಚ್ಚವಾಗುತ್ತಿದ್ದುದರಿಂದ ನಾನು ಸಂತೋಷದಿಂದಲೇ ಒಪ್ಪಿದೆನು. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ನನ್ನ ಮಗನು ಒಂದು ಪುಸ್ತಕ ತಂದು, ಒಂದು ಕಡೆ ಜಮಾ, ಒಂದು ಕಡೆ ಖರ್ಚು ಎಂದು ಗೆರೆ ಹಾಕಿ ಕೊಟ್ಟನು. ಪ್ರತಿ ತಿಂಗಳ ಮೊದಲನೆಯ ತಾರೀಕು ಬಾಡಿಗೆಯನ್ನು ಜಮಾ ಹಾಕುವಾಗ ನನಗೆ ಒಂದು ಬಗೆಯ ಹಿಗ್ಗುಂಟಾಗುತ್ತಿತ್ತೆಂಬುದನ್ನು ಮರೆಮಾಚುವುದೇಕೆ?

ಈ ವರ್ಷ ಯುಗಾದಿಗೆ ಬಂದ ಮಗನು ಪುಸ್ತಕವನ್ನು ನೋಡಿ, “ಅಪ್ಪ, ಅಂಗಡಿಯ ಅಂಕಣ ಲಾಭದಲ್ಲಿದೆ, ಪಾಠದ ಅಂಕಣ ನಷ್ಟದಲ್ಲಿದೆ. ವ್ಯಾಪಾರಿಗಳು ಎರಡನ್ನೂ ಕೇಳುತ್ತಿದ್ದಾರೆ, ಏಳು ಸಾವಿರ ಕೊಡುತ್ತಾರಂತೆ. ಯೋಚನೆ ಮಾಡಿ” ಎಂದನು. ನಾನು ಸಿಟ್ಟಿನಿಂದ, ಎಲ್ಲವನ್ನೂ ಲಾಭನಷ್ಟದಿಂದ ಅಳೆಯಬಾರದೆಂದೂ, ಆಕಾಶವಾಣಿಯವರು 1974ನೆಯ ಇಸವಿಯ ಜೂನ್ 30ರಿಂದ ಸಂಸ್ಕೃತದಲ್ಲಿ ವಾರ್ತೆ ಓದುತ್ತಿರುವುದು ಯಾವ ಲಾಭಕ್ಕೆಂದೂ ಕೇಳಿದೆನು. ಅವನು ನಕ್ಕು, “ಅವರ ಲೆಕ್ಕವನ್ನೂ ಒಮ್ಮೆ ಓದಿ ನೋಡಿ” ಎಂದು ಪ್ರಸಾರ ಭಾರತಿಯ ವಾರ್ಷಿಕ ವರದಿಗಳನ್ನು ನನ್ನ ಮುಂದಿಟ್ಟು ಹೋದನು. ಹೀಗೆ, ವ್ಯಾಕರಣದಲ್ಲಿ ಬೆಳೆದ ನಾನು ಅರುವತ್ತು ಕಳೆದ ಮೇಲೆ ಆಯವ್ಯಯಪತ್ರಗಳನ್ನು ಓದುವವನಾದೆನು.

ಓದುತ್ತಾ ಹೋದಂತೆ ಇದು ನಮ್ಮದೇ ಕಥೆಯೆಂದು ತೋರಿತು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿದುದು ನಮ್ಮ ಮೈಸೂರಿನಲ್ಲಿಯೇ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಆರಂಭಿಸಿದ ಕಾರ್ಯವದು. ಸರಕಾರದ ಬಾನುಲಿಗೆ ಕೇಳುವವರಿಂದ ಪರವಾನೆಯ ಶುಲ್ಕವನ್ನು ಎತ್ತುವ ಕ್ರಮವಿತ್ತು. ನಮ್ಮ ತಂದೆಯವರು ಅಂಚೆ ಕಚೇರಿಗೆ ಹೋಗಿ ರೇಡಿಯೋ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದು ನನಗೆ ಜ್ಞಾಪಕವಿದೆ. 1980ರ ದಶಕದ ನಡುವೆ ಈ ಶುಲ್ಕವನ್ನು ತೆಗೆದುಹಾಕಿದರು. ಜನರಿಗೆ ಅನುಕೂಲವೇ ಆಯಿತು. ಆದರೆ ಕೇಳುವವನು ನೇರವಾಗಿ ಕೊಡುತ್ತಿದ್ದ ಕಾಸು ನಿಂತ ಮೇಲೆ ಉಳಿದ ದಾರಿಗಳು ಎರಡೇ: ಒಂದು ಸರಕಾರದ ಬೊಕ್ಕಸ, ಇನ್ನೊಂದು ವರ್ತಕನ ಜಾಹೀರಾತು.

ಜಾಹೀರಾತು ಅದಕ್ಕೂ ಮೊದಲೇ ಒಳಗೆ ಕಾಲಿಟ್ಟಿತ್ತು. ವಿವಿಧ ಭಾರತಿಯಲ್ಲಿ 1967ರ ನವೆಂಬರಿನಿಂದಲೂ, ದೂರದರ್ಶನದಲ್ಲಿ 1976ರ ಜನವರಿ 1ರಿಂದಲೂ ಅದಕ್ಕೆ ಅವಕಾಶವಾಯಿತು. ದೂರದರ್ಶನ ಹುಟ್ಟಿದುದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ; ಆದುದರಿಂದ ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಅದು ವ್ಯಾಪಾರವನ್ನೇ ಕಾಣದೆ ನಡೆದಿತ್ತು. ನಮ್ಮ ನಾಡಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ 1975–76ರಲ್ಲಿ ಉಪಗ್ರಹದ ಮೂಲಕ ರೈತರಿಗೂ ಮಕ್ಕಳಿಗೂ ಪಾಠ ತೋರಿಸಿದ ಪ್ರಯೋಗ ನಡೆದುದು ಸರಿಯಾಗಿ ಈ ಸಂಧಿಕಾಲದಲ್ಲಿ. ಒಂದೇ ಕಾಲದಲ್ಲಿ ಒಂದು ಕೈ ಪಾಠ ಹೇಳುತ್ತಿತ್ತು, ಇನ್ನೊಂದು ಕೈ ಅಂಗಡಿಯ ಬಾಗಿಲು ತೆಗೆಯುತ್ತಿತ್ತು.

ಇನ್ನು ವರಮಾನದ ಮಾತು. ದೂರದರ್ಶನದ ವಾಣಿಜ್ಯ ವರಮಾನ 1976–77ರಲ್ಲಿ ಒಂದು ಕೋಟಿ ರೂಪಾಯಿಯನ್ನೂ ಮುಟ್ಟಿರಲಿಲ್ಲ. 1984ರ ಜುಲೈಯಲ್ಲಿ ‘ಹಮ್ ಲೋಗ್’ ಎಂಬ ಧಾರಾವಾಹಿ ಬಂದಿತು. ಅದರ ವೆಚ್ಚಕ್ಕೆ ನಿಂತವರು ಮ್ಯಾಗಿಯ ತಯಾರಕರು. ಕಥೆಯೊಂದು ಹಿಟ್ಟಿನ ಎಳೆಗಳನ್ನು ಮಾರಬಲ್ಲುದೆಂದು ದೇಶಕ್ಕೆ ತಿಳಿದುದು ಆಗಲೇ. 1987ರ ಜನವರಿ 25ರಿಂದ ‘ರಾಮಾಯಣ’ ಆರಂಭವಾಯಿತು. ಭಾನುವಾರ ಬೆಳಗ್ಗೆ ನಮ್ಮ ಬೀದಿಯಲ್ಲಿದ್ದ ಒಂದೇ ಪೆಟ್ಟಿಗೆಯ ಮುಂದೆ ಊರೇ ಕುಳಿತಿರುತ್ತಿತ್ತು. ನಮ್ಮ ತಾಯಿ ಸ್ನಾನ ಮಾಡಿ ಹೂವು ಹಿಡಿದು ಹೋಗುತ್ತಿದ್ದರು. ಆ 1987–88ರಲ್ಲಿ ವಾಣಿಜ್ಯ ವರಮಾನ ಸುಮಾರು 136 ಕೋಟಿ. 1990–91ರಲ್ಲಿ 250 ಕೋಟಿಯನ್ನು ದಾಟಿತು. 1996–97ರಲ್ಲಿ 570 ಕೋಟಿಯ ಮೇಲೇರಿತು. ಅನಂತರ ಇಳಿಗಾಲ. ಎರಡೇ ವರ್ಷಗಳಲ್ಲಿ, 1998–99ರ ಹೊತ್ತಿಗೆ, ಅದು 400 ಕೋಟಿಯ ಆಸುಪಾಸಿಗೆ ಕುಸಿಯಿತು. ಕಾರಣವೇನೂ ಗೂಢವಲ್ಲ. 1992ರಲ್ಲಿ ಜೀ ಬಂದಿತ್ತು, 1994ರಲ್ಲಿ ಕನ್ನಡದಲ್ಲಿಯೇ ಉದಯ ಬಂದಿತ್ತು. ಒಂದೇ ಅಂಗಡಿಯಿದ್ದ ಸಂತೆಯಲ್ಲಿ ಹತ್ತು ಅಂಗಡಿಗಳಾದರೆ ಮೊದಲನೆಯವನ ವ್ಯಾಪಾರ ಹಾಗೆಯೇ ಉಳಿದೀತೆ?

ಪ್ರಸಾರ ಭಾರತಿಯ ಕಾಯಿದೆ 1990ರದು. ಜಾರಿಗೆ ಬಂದುದು 1997ರಲ್ಲಿ. ನಮ್ಮ ಚಾಮರಾಜನಗರ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದುದೂ ಅದೇ ವರ್ಷವೇ. ಬೇರೆ ಮನೆ ಹೂಡಿದವನ ಮೊದಲನೆಯ ಚಿಂತೆ ಒಲೆಯದು. ಈ ಸಂಸ್ಥೆಗೂ ಹಾಗೆಯೇ ಆಯಿತು. ಕಡೆಗೆ ಆದ ಏರ್ಪಾಟು ಇದು: 2007ರ ಅಕ್ಟೋಬರ್ 5ರಂದು ಸೇವೆಯಲ್ಲಿದ್ದ ನೌಕರರ ಸಂಬಳವನ್ನು ಸರಕಾರವು ಅನುದಾನವಾಗಿ ಕೊಡತಕ್ಕದ್ದು; ದಿನನಿತ್ಯದ ಇತರ ವೆಚ್ಚಗಳನ್ನು ಸಂಸ್ಥೆಯು ತಾನು ಸಂಪಾದಿಸಿದ ಹಣದಿಂದ ತೂಗಿಸತಕ್ಕದ್ದು. ಲೆಕ್ಕವನ್ನು ಮಹಾಲೇಖಪಾಲರು ಪರಿಶೋಧಿಸುತ್ತಾರೆ, ವರದಿಯನ್ನು ಪಾರ್ಲಿಮೆಂಟಿನ ಮುಂದಿಡುತ್ತಾರೆ.

ಸಂಪಾದನೆಯ ದಾರಿಗಳಲ್ಲಿ ಒಂದು ನನಗೆ ಬಹಳ ಪರಿಚಿತವಾಗಿ ತೋರಿತು. 2004ರ ಡಿಸೆಂಬರಿನಲ್ಲಿ ದೂರದರ್ಶನದವರು ತಿಂಗಳ ಬಾಡಿಗೆಯಿಲ್ಲದೆ ಚಿಕ್ಕದೊಂದು ಬೋಗುಣಿಯಿಂದ ವಾಹಿನಿಗಳನ್ನು ಪಡೆಯುವ ಏರ್ಪಾಟನ್ನು ಮಾಡಿದರು. ಈಗ ಅದನ್ನು ಫ್ರೀ ಡಿಶ್ ಎನ್ನುತ್ತಾರೆ. ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಅದಿದೆಯೆಂದು ಅಂದಾಜು. ಅದರಲ್ಲಿರುವ ಸ್ಥಳಗಳನ್ನು ಖಾಸಗಿ ವಾಹಿನಿಗಳಿಗೆ ಹರಾಜಿನಲ್ಲಿ ಕೊಡುತ್ತಾರೆ. ಎಂದರೆ, ತನ್ನ ಮನೆಯ ಜಗಲಿಯನ್ನು ಅಂಕಣ ಅಂಕಣವಾಗಿ ತನ್ನ ಎದುರಾಳಿಗಳಿಗೇ ಬಾಡಿಗೆಗೆ ಕೊಟ್ಟು, ಆ ಹಣದಿಂದ ಒಳಮನೆಯ ದೀಪ ಉರಿಸುವುದು! ಇದನ್ನೋದಿ ನಾನು ಪುಸ್ತಕ ಕೆಳಗಿಟ್ಟು ನಮ್ಮ ಜಗಲಿಯಲ್ಲಿದ್ದ ಗೊಬ್ಬರದ ಮೂಟೆಗಳನ್ನು ನೋಡಿದೆನು.

ಇಂಗ್ಲೆಂಡಿನವರ ಮಾರ್ಗ ಬೇರೆ. ಅಲ್ಲಿ ಬಿ.ಬಿ.ಸಿ.ಯು ನೋಡುವವರ ಪರವಾನೆ ಶುಲ್ಕದಿಂದ ನಡೆಯುತ್ತದೆ. ಸ್ವದೇಶದ ಪ್ರಸಾರದಲ್ಲಿ ಜಾಹೀರಾತಿಲ್ಲ. ಆದರೆ ತನ್ನ ಕಾರ್ಯಕ್ರಮಗಳನ್ನು ಹೊರದೇಶಗಳಲ್ಲಿ ಮಾರುವುದಕ್ಕೆ ಅದು ಪ್ರತ್ಯೇಕ ವಾಣಿಜ್ಯಾಂಗವನ್ನಿಟ್ಟುಕೊಂಡಿದೆ. ಅದರ ಲಾಭ ಮತ್ತೆ ಕಾರ್ಯಕ್ರಮಗಳಿಗೇ ಬರತಕ್ಕದ್ದು. 2022–23ರಲ್ಲಿ ಆ ಅಂಗ ಸುಮಾರು 24 ಕೋಟಿ ಪೌಂಡುಗಳ ಲಾಭ ತೋರಿಸಿತು. ಆದರೆ ಇದೇ ಅಂಗವು ಹಿಂದೊಮ್ಮೆ, 2007ರಲ್ಲಿ, ಲೋನ್ಲಿ ಪ್ಲಾನೆಟ್ ಎಂಬ ಪ್ರವಾಸದ ಕೈಪಿಡಿಗಳ ಪ್ರಕಾಶನದಲ್ಲಿ ಮುಕ್ಕಾಲು ಪಾಲನ್ನು ಕೊಂಡಿತು. 2011ರಲ್ಲಿ ಉಳಿದುದನ್ನೂ ಕೊಂಡಿತು. ಒಟ್ಟು ತೆತ್ತುದು ಸುಮಾರು 13 ಕೋಟಿ ಪೌಂಡು. 2013ರಲ್ಲಿ ಮಾರಿದುದು ಸುಮಾರು 5 ಕೋಟಿಗೆ. ವಾರ್ತೆ ಓದುವವರಿಗೆ ಪ್ರವಾಸದ ಪುಸ್ತಕದ ಅಂಗಡಿ ಏತಕ್ಕೆ ಬೇಕಾಗಿತ್ತೆಂದು ಆ ದೇಶದವರೇ ಕೇಳಿದರು.

ಅಂಗ ಎಂಬ ಮಾತು ಬಂದುದರಿಂದ ನನ್ನ ಪಾಠಶಾಲೆಯ ದಿನಗಳು ನೆನಪಿಗೆ ಬಂದುವು. ಮೀಮಾಂಸಕರು ಕರ್ಮಗಳನ್ನು ಅಂಗಿಯೆಂದೂ ಅಂಗವೆಂದೂ ವಿಭಾಗಿಸುತ್ತಾರೆ. ದರ್ಶಪೂರ್ಣಮಾಸವು ಅಂಗಿ, ಪ್ರಯಾಜಗಳು ಅದಕ್ಕೆ ಅಂಗ. ಅಂಗಕ್ಕೆ ಸ್ವತಂತ್ರವಾದ ಫಲವಿಲ್ಲ. ಅಂಗಿಯ ಫಲವೇ ಅದರ ಫಲ. ಹಾಗೆಂದು ಅಂಗವನ್ನು ಬಿಟ್ಟರೆ ಕರ್ಮ ವಿಕಲವಾಗುತ್ತದೆ. ಇದು ಯಜ್ಞಕ್ಕೆ ಹೇಳಿದ ಮಾತಾದರೂ ಲೆಕ್ಕದ ಪುಸ್ತಕಕ್ಕೂ ಒಪ್ಪುತ್ತದೆ. ವಾಣಿಜ್ಯಾಂಗವು ಈ ವರ್ಷ ಇಷ್ಟು ಕೋಟಿ ತಂದಿತೆಂಬುದು ಅರ್ಧ ವಾಕ್ಯ. ಆ ಕೋಟಿಯಿಂದ ಯಾವ ಕೃಷಿಕನಿಗೆ ಏನು ತಿಳಿಯಿತು, ಯಾವ ಭಾಷೆಯವರ ವಾರ್ತೆ ಉಳಿಯಿತು ಎಂಬಲ್ಲಿಗೆ ವಾಕ್ಯ ಮುಗಿಯಬೇಕು. ಜಾಹೀರಾತುದಾರನು ಸಂಸ್ಕೃತದ ವಾರ್ತೆಯನ್ನು ಕೊಳ್ಳುವುದಿಲ್ಲ. ಅವನು ಕೊಳ್ಳುವುದನ್ನು ಮಾತ್ರ ಪ್ರಸಾರ ಮಾಡಬೇಕೆಂದರೆ ಅಂಗವೇ ಅಂಗಿಯಾದಂತಾಯಿತು. ಹಣದ ಮಾತೇ ಅಶುದ್ಧವೆಂದು ನನ್ನಂಥ ಮುದುಕರು ಮೂಗು ಮುರಿದರೆ ಅದೂ ತಪ್ಪು. ದೀಪಕ್ಕೆ ಎಣ್ಣೆ ಬೇಡವೆ?

ಈ ವಿಚಾರವನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು, ಮಗನಿಗೆ ಒಳ್ಳೆಯ ಉತ್ತರ ಸಿಕ್ಕಿತೆಂದು ನಾನು ಬೀಗಿದೆನು. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅದನ್ನು ಮನೆಯವಳ ಮುಂದೆ ಹೇಳಿದೆನು. ಆಕೆ ಎಲ್ಲವನ್ನೂ ಕೇಳಿ, “ಅದೆಲ್ಲ ಸರಿ. ಆ ಇಬ್ಬರು ಹೆಣ್ಣುಮಕ್ಕಳು ಪಾಠಕ್ಕೆ ಬಂದು ಎಷ್ಟು ದಿನವಾಯಿತು, ನೋಡಿದಿರಾ?” ಎಂದಳು.

ನಾನು ನೋಡಿರಲಿಲ್ಲ. ಸಾಯಂಕಾಲ ಹೊಲದಿಂದ ಮರಳುವ ರೈತರು ಗೊಬ್ಬರಕ್ಕೆ ಬರುವ ಹೊತ್ತೆಂದು ವ್ಯಾಪಾರಿಗಳು ಕೇಳಿಕೊಂಡದ್ದರಿಂದ, ಐದೂವರೆಯ ಪಾಠವನ್ನು ಏಳೂವರೆಗೆ ನಾನೇ ಸರಿಸಿದ್ದೆನು. ಮೂಟೆಗಳು ಎರಡನೆಯ ಅಂಕಣದ ಕಂಬವನ್ನೂ ದಾಟಿ ಬಂದಿದ್ದುವು. ಮಕ್ಕಳು ಗೋಡೆಗೆ ಒತ್ತಿಕೊಂಡು ಕುಳಿತುಕೊಳ್ಳುತ್ತಿದ್ದರು. ಕತ್ತಲಾದ ಮೇಲೆ ಹೆದ್ದಾರಿ ದಾಟಿ ಹೆಣ್ಣುಮಕ್ಕಳನ್ನು ಕಳುಹಿಸುವುದು ಯಾವ ತಾಯಿಗೆ ಸಮ್ಮತವಾದೀತು? ಒಂಬತ್ತು ಜನರಿದ್ದ ಪಾಠದಲ್ಲಿ ನಾಲ್ವರು ಉಳಿದಿದ್ದರು. ಇದಾಗಿ ಮೂರು ತಿಂಗಳಾಗಿತ್ತು. ಪುಸ್ತಕದಲ್ಲಿ ಬಾಡಿಗೆಯ ಮೂರು ತಿಂಗಳ ಜಮಾ ದುಂಡಾದ ಅಕ್ಷರದಲ್ಲಿ ಇತ್ತು. ಹಾಜರಿಗೆ ಅದರಲ್ಲಿ ಮನೆಯೇ ಇರಲಿಲ್ಲ. ಮಗನು ಗೆರೆ ಹಾಕಿಕೊಟ್ಟಿರಲಿಲ್ಲವೆಂದು ಅವನ ಮೇಲೆ ಹೊರಿಸಲಾರೆ. ನಲವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ನನ್ನದು. ದೂರದರ್ಶನಕ್ಕೆ ಮೀಮಾಂಸೆ ಹೇಳಹೊರಟವನು ತನ್ನ ಜಗಲಿಯಲ್ಲಿ ಅಂಗವನ್ನು ಅಂಗಿಯ ಪೀಠದಲ್ಲಿ ಕೂರಿಸಿದ್ದೆನು.

ಮರುದಿನ ವ್ಯಾಪಾರಿಗಳನ್ನು ಕರೆದು ಮಾತನಾಡಿದೆನು. ಅವರ ತಪ್ಪೇನೂ ಇಲ್ಲ. ಕೇಳುವುದು ವ್ಯಾಪಾರಿಯ ಧರ್ಮ, ಎಲ್ಲಿಯವರೆಗೆ ಎಂದು ಹೇಳುವುದು ಮನೆಯವನ ಧರ್ಮ. ಹಿತ್ತಿಲ ಕಡೆ, ದನಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಗೆ ಪಕ್ಕದ ಓಣಿಯಿಂದ ಬಾಗಿಲಿದೆ. ರಸ್ತೆಯ ಮುಖವಿಲ್ಲದ್ದರಿಂದ ಅದಕ್ಕೆ ಎರಡು ಸಾವಿರ ಕೊಡುವುದಾಗಿ ಒಪ್ಪಿಕೊಂಡು ಮೂಟೆಗಳನ್ನು ಅಲ್ಲಿಗೆ ಸಾಗಿಸಿದರು. ಅಷ್ಟರಲ್ಲಿಯೇ ಮಕ್ಕಳ ಪುಸ್ತಕವೂ ದೀಪವೂ ನಡೆಯುತ್ತವೆ. ಮಗನಿಗೆ ತಿಳಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಲೆಕ್ಕಕ್ಕೆ ಬರುತ್ತದೆ ಅಪ್ಪ, ನಷ್ಟವಿಲ್ಲ” ಎಂದನು.

ಪಾಠ ಈಗ ಮತ್ತೆ ಐದೂವರೆಗೆ. ಏಳು ಜನ ಬರುತ್ತಾರೆ. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಬಂದಳು. ಇನ್ನೊಬ್ಬಳ ಮನೆಯವರು ಅಷ್ಟರಲ್ಲಿ ಕೆಲಸವನ್ನರಸಿ ಊರು ಬಿಟ್ಟಿದ್ದರು. ಅವಳು ರಾಮಶಬ್ದವನ್ನು ಷಷ್ಠಿಯವರೆಗೆ ಕಲಿತಿದ್ದಳು, ಸಪ್ತಮಿ ಉಳಿಯಿತು. ಪುಸ್ತಕದಲ್ಲಿ ಜಮಾಖರ್ಚುಗಳ ಪಕ್ಕದಲ್ಲಿ ನಾನೇ ಮೂರನೆಯ ಗೆರೆಯೊಂದನ್ನು ಎಳೆದಿದ್ದೇನೆ. ಅದರಲ್ಲಿ ಪ್ರತಿದಿನದ ಹಾಜರಿ ಬರೆಯುತ್ತೇನೆ. ತಿಂಗಳ ಮೊದಲನೆಯ ತಾರೀಕು ಬಾಡಿಗೆ ಬಂದಾಗ ಮೊದಲು ಆ ಗೆರೆಯನ್ನು ಓದಿ, ಆಮೇಲೆ ಹಣವನ್ನು ಎಣಿಸುತ್ತೇನೆ.