ಚಿತ್ರಸಂಧಿ

ಬಡಗಿಯ ಕುಶಲತೆಯು ತಿಳಿದುಬರುವುದು ಹಲಗೆಯ ನಡುವೆಯಲ್ಲ. ಎರಡು ಹಲಗೆಗಳು ಕೂಡುವ ಸಂದಿನಲ್ಲಿ. ಮಾತಿನ ವಿಷಯದಲ್ಲಿಯೂ ಹಾಗೆಯೇ. ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುವೆಡೆಯನ್ನು ವೈಯಾಕರಣರು ಸಂಧಿಯೆಂದು ಕರೆದು, ಅಲ್ಲಿ ಲೋಪ, ಆಗಮ, ಆದೇಶಗಳೆಂಬ ಕಾರ್ಯಗಳು ನಡೆಯುವುವೆಂದು ತಿಳಿಸಿದರು. ಈಚೆಗೆ ಮನೆಮನೆಗಳಲ್ಲಿಯೂ ನಡೆಯುತ್ತಿರುವ ವಿಡಿಯೋ ಸಂಕಲನವೆಂಬ ಹೊಸ ಕೆಲಸದಲ್ಲಿ ಈ ಮೂರೂ ತಪ್ಪದೆ ತಲೆದೋರುತ್ತವೆ. ಭೇದವೇನೆಂದರೆ, ವ್ಯಾಕರಣದಲ್ಲಿ ಅವು ವಿಧಿಗಳು, ಇಲ್ಲಿ ದೋಷಗಳು.

ಮಲೆನಾಡಿನ ಅಂಚಿನ ಒಂದೂರಿನಲ್ಲಿ ಗೃಹಸ್ಥರೊಬ್ಬರಿದ್ದಾರೆ. ಅವರ ತಂದೆ ಹಿಂದೆ ಶಾನುಭೋಗಿಕೆ ಮಾಡಿದ್ದವರು, ಮಿತಭಾಷಿಗಳು. 2004ರಲ್ಲಿ ಆ ವೃದ್ಧರನ್ನು ಎರಡು ಸಂಜೆ ಪಡಸಾಲೆಯಲ್ಲಿ ಕುಳ್ಳಿರಿಸಿ, ಅವರು ಹೇಳಿದ ಹಳೆಯ ಸಂಗತಿಗಳನ್ನು ಮಗನು ಕೈಗ್ಯಾಮೆರಾದ ಚಿಕ್ಕ ಟೇಪುಗಳಲ್ಲಿ ತುಂಬಿಕೊಂಡಿದ್ದರು. ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡರು. ಟೇಪುಗಳು ಬೀರುವಿನಲ್ಲಿ ಉಳಿದವು. ಬಹುಕಾಲದ ಮೇಲೆ, ವಾರ್ಷಿಕಕ್ಕೆ ನೆರೆಯುವ ಬಂಧುಗಳಿಗೆ ತೋರಿಸಬೇಕೆಂದು, ಎರಡು ಗಂಟೆಯ ಆ ಮಾತನ್ನು ಅರ್ಧ ಗಂಟೆಗೆ ಇಳಿಸಲು ಗೃಹಸ್ಥರು ಗಣಕಯಂತ್ರದ ಮುಂದೆ ಕುಳಿತರು.

ಕತ್ತರಿಸುವುದು ಸುಲಭವಾಗಿಯೇ ನಡೆಯಿತು. ಕೂಡಿಸುವುದರಲ್ಲಿ ತೊಡಕುಗಳು ಮೊದಲಾದುವು. ಭಾರತದಲ್ಲಿ ರೂಢಿಯಲ್ಲಿದ್ದ ಪಾಲ್ ಕ್ರಮದ ಇಂಥ ಟೇಪಿನಲ್ಲಿ ಒಂದು ಸೆಕೆಂಡಿಗೆ 25 ಫ್ರೇಮುಗಳಿರುತ್ತವೆ. ಧ್ವನಿಯನ್ನಾದರೋ ಉತ್ತಮ ಪಕ್ಷದಲ್ಲಿ ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಎಂದರೆ, ಒಂದೇ ಫ್ರೇಮಿನ ಅವಧಿಯೊಳಗೆ ಧ್ವನಿಯ 1,920 ಅಳತೆಗಳು ಅಡಗಿವೆ. ಕಣ್ಣಿಗೆ ನಯವಾಗಿ ಕಂಡ ಬೆಸುಗೆಯು ಕಿವಿಗೆ ಒರಟಾಗುವುದಕ್ಕೆ ಇಷ್ಟು ಸಾಕು.

ಮೊದಲು ಕಾಣಿಸಿದ್ದು ಆಗಮ. ಪ್ರತಿಯೊಂದು ಕಡಿತದಲ್ಲಿಯೂ ‘ಟಪ್’ ಎಂಬ ಶಬ್ದವೊಂದು ಕರೆಯದ ಅತಿಥಿಯಂತೆ ಬಂದು ಕುಳಿತಿತ್ತು. ಧ್ವನಿಯು ಅಲೆಯ ರೂಪದ್ದು. ಅಲೆಯು ಮೇಲೇರಿದ್ದಾಗ ತುಂಡರಿಸಿ, ಕೆಳಗಿಳಿದಿರುವ ಬೇರೊಂದು ಅಲೆಗೆ ಅಂಟಿಸಿದರೆ ನಡುವೆ ಮೆಟ್ಟಿಲೊಂದು ಏರ್ಪಡುತ್ತದೆ. ಕಿವಿಯು ಅದನ್ನು ಎಡವುತ್ತದೆ. ಅಲೆಯು ಮಧ್ಯರೇಖೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸುವುದು ಒಂದು ಪರಿಹಾರ. ಮೊದಲ ಧ್ವನಿಯನ್ನು ತಗ್ಗಿಸುತ್ತಿರುವಂತೆಯೇ ಎರಡನೆಯದನ್ನು ಏರಿಸುತ್ತ, ಸೆಕೆಂಡಿನ ನೂರರಲ್ಲೊಂದೆರಡು ಪಾಲಿನಷ್ಟು ಕಾಲ ಎರಡನ್ನೂ ಬೆರೆಸುವುದು ಇನ್ನೊಂದು. ಚಿತ್ರದಲ್ಲಿಯೂ ಆಗಮವಿತ್ತು: ಎರಡು ತುಂಡುಗಳ ನಡುವೆ ಒಂದು ಫ್ರೇಮಿನಷ್ಟು ತೆರಪು ಉಳಿದು, ಕಪ್ಪು ಮಿಂಚೊಂದು ಹಾಯುತ್ತಿತ್ತು. ಕಾಲಪಟ್ಟಿಯನ್ನು ಹಿಗ್ಗಿಸಿ ನೋಡಿ ಆ ತೆರಪನ್ನು ಮುಚ್ಚಿದ್ದಾಯಿತು.

ಆದೇಶದೋಷವು ಮೊಮ್ಮಗನು ಮೊಬೈಲಿನಲ್ಲಿ ತೆಗೆದ ತೋಟದ ಚಿತ್ರದಿಂದ ಬಂತು. ಅಲ್ಲಿ ಕತ್ತರಿಸಿದೊಡನೆ ಹೊಸ ದೃಶ್ಯದ ಜಾಗದಲ್ಲಿ ಹಳೆಯದರ ತೇಪೆಗಳು ಚೌಕಚೌಕವಾಗಿ ನಿಂತುವು. ಇದರ ಮರ್ಮವು ಶಾನುಭೋಗರ ಮನೆಯವರಿಗೆ ಬೇಗ ಅರ್ಥವಾಗತಕ್ಕದ್ದೇ. ಮೊಬೈಲು ಸ್ಥಳ ಉಳಿಸುವುದಕ್ಕಾಗಿ ಎಲ್ಲ ಫ್ರೇಮುಗಳನ್ನೂ ಪೂರ್ಣವಾಗಿ ಬರೆಯುವುದಿಲ್ಲ. ಆಗಾಗ ಒಂದನ್ನು ಪೂರ್ತಿ ಬರೆದು, ಉಳಿದವುಗಳಲ್ಲಿ ಆದ ವ್ಯತ್ಯಾಸವನ್ನು ಮಾತ್ರ ಗುರುತಿಸುತ್ತದೆ. ಖಾತೆಯ ಪುಸ್ತಕದಲ್ಲಿ ಹಿಂದಿನ ಶಿಲ್ಕನ್ನು ಹರಿದುಹಾಕಿ, ಜಮಾಖರ್ಚಿನ ನಡುಪುಟದಿಂದ ಓದತೊಡಗಿದರೆ ಲೆಕ್ಕ ತಿಳಿಯುವುದುಂಟೆ? ಫ್ರೇಮುಗಳನ್ನೆಲ್ಲ ಮೊದಲು ಪೂರ್ಣರೂಪಕ್ಕೆ ಬಿಡಿಸಿಕೊಂಡು ಅನಂತರ ಕತ್ತರಿಸಿದ ಮೇಲೆ ತೇಪೆಗಳು ಮಾಯವಾದುವು.

ಅದೇ ಮೊಬೈಲು ಸೆಕೆಂಡಿಗೆ ಇಷ್ಟೇ ಫ್ರೇಮೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸದ ಕಾರಣ, ತುಟಿಗೂ ಮಾತಿಗೂ ಹೊಂದಿಕೆ ತಪ್ಪಿತ್ತು. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಜನರಿಗೆ ಗೊತ್ತಾಗುತ್ತದೆ, ಹಿಂದಾದರೆ ಸುಮಾರು 125ರವರೆಗೂ ಗೊತ್ತಾಗುವುದಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸು ಹೇಳುತ್ತದೆ. ಕೆರೆಯ ಆಚೆ ದಡದಲ್ಲಿ ಅಗಸನು ಬಟ್ಟೆ ಒಗೆಯುವುದನ್ನು ನೋಡಿದವರಿಗೆ ಇದು ಸಹಜವಾಗಿಯೇ ತೋರುವುದು. ಕಲ್ಲಿಗೆ ಬಿದ್ದ ಬಟ್ಟೆ ಮೊದಲು ಕಾಣುತ್ತದೆ, ಸದ್ದು ಅನಂತರ ಬರುತ್ತದೆ. ಬಟ್ಟೆ ಬೀಳುವ ಮುನ್ನವೇ ಸದ್ದು ಕೇಳಿದವರು ಯಾರೂ ಇಲ್ಲ.

ಎಲ್ಲಕ್ಕಿಂತ ಅಪಾಯಕರವಾದದ್ದು ಲೋಪ. ಒಂದೆಡೆ ತಂದೆಯವರು, “ಎಷ್ಟು ಕಷ್ಟ ಬಂದರೂ ತೋಟ ಮಾರಲಿಲ್ಲ” ಎಂದಿದ್ದರು. ಕತ್ತರಿಯು ಕೆಲವು ಫ್ರೇಮುಗಳಷ್ಟು ಬೇಗ ಬಿದ್ದು, ಅದು “ತೋಟ ಮಾರಲಿ” ಎಂದಾಗಿತ್ತು! ಕನ್ನಡದಲ್ಲಿ ಹೌದು ಅಲ್ಲಗಳೆಲ್ಲ ವಾಕ್ಯದ ಬಾಲದಲ್ಲಿರುವುದರಿಂದ, ಇಲ್ಲಿ ಬಾಲ ಕತ್ತರಿಸುವವನು ಬಹು ಎಚ್ಚರದಿಂದಿರಬೇಕು. ಮಾತಲ್ಲದ ಲೋಪವೂ ಒಂದುಂಟು. ಮೊದಲ ಸಂಜೆ ಫ್ಯಾನು ತಿರುಗುತ್ತಿತ್ತು. ಎರಡನೆಯ ಸಂಜೆ ವಿದ್ಯುತ್ತಿರಲಿಲ್ಲ. ಎರಡನ್ನೂ ಜೋಡಿಸಿದಾಗ ಫ್ಯಾನಿನ ಗುಂಯ್‌ಗಾನವು ಥಟ್ಟನೆ ನಿಂತು, ಅದುವರೆಗೆ ಅದನ್ನು ಲಕ್ಷಿಸದಿದ್ದ ಕಿವಿಯು ಬೆಚ್ಚುತ್ತಿತ್ತು. ಯಾರೂ ಮಾತನಾಡದ ಭಾಗದಿಂದ ಬರಿಯ ಫ್ಯಾನಿನ ಸದ್ದನ್ನು ಎತ್ತಿಕೊಂಡು ಎರಡನೆಯ ಸಂಜೆಯ ಮಾತಿನ ಕೆಳಗೆ ಹಾಸಿ, ಅದನ್ನು ಮೆಲ್ಲಮೆಲ್ಲನೆ ಕರಗಿಸಿದಾಗ ಜೋಡಣೆಯು ಮರೆಯಾಯಿತು.

ಹದಿನೈದು ದಿನಗಳಲ್ಲಿ ಕೆಲಸ ಮುಗಿಯಿತು. ಗೃಹಸ್ಥರು ತಾಯಿಗೆ ಮೊದಲು ತೋರಿಸಿದರು. ಆಕೆ ಸುಮ್ಮನೆ ನೋಡುತ್ತಿದ್ದು, ಒಂದೆಡೆ ಕೈಯೆತ್ತಿ ತಡೆದರು. ಅದು ತಂದೆಯವರು ಹಿರಿಯ ಮಗನ ಹೆಸರು ಹೇಳುವ ಸಂದರ್ಭ. ಆ ಹುಡುಗ ಏಳನೆಯ ವಯಸ್ಸಿನಲ್ಲಿ ವಿಷಮಶೀತಜ್ವರದಿಂದ ಹೋದವನು.

“ಇಲ್ಲಿ ಅವರು ನಿಲ್ಲಬೇಕಲ್ಲ, ಮಗೂ. ಇಷ್ಟು ಬೇಗ ಅವನ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ.”

“ಅಲ್ಲಿ ಟೇಪು ಕೆಟ್ಟಿತ್ತಮ್ಮ. ಚಿತ್ರ ಒಡೆದುಹೋಗಿತ್ತು. ಮಾತೇನೂ ಇರಲಿಲ್ಲ, ಅದಕ್ಕೆ ತೆಗೆದೆ.”

“ಟೇಪು ಕೆಟ್ಟಿದ್ದರೆ ಟೇಪು ಸರಿಮಾಡು. ಅವರು ಸುಮ್ಮನಿದ್ದದ್ದನ್ನು ಯಾಕೆ ತೆಗೆದೆ?”

ಮಗನು ಉತ್ತರ ಕೊಡಲಿಲ್ಲ. ಮೂಲದ ಟೇಪನ್ನು ಮತ್ತೆ ಹುಡುಕಿ ತೆಗೆದು, ಕ್ಯಾಮೆರಾದೊಳಗಿನ ಓದುವ ಮೊನೆಯನ್ನು ಶುಚಿಮಾಡಿ, ಆ ಭಾಗವನ್ನು ಮರಳಿ ಓಡಿಸಿದರು. ಒಡೆದ ಚೌಕಗಳಲ್ಲಿ ಹೆಚ್ಚಿನವು ಆಗಲೇ ಹೋದುವು. ಟೇಪಿನಲ್ಲಿ ದೋಷವಿದೆಯೆಂದು ತಿಳಿದದ್ದರಲ್ಲಿ ಬಹುಪಾಲು ಮೊನೆಗಂಟಿದ ಕೊಳೆಯಾಗಿತ್ತು. ಉಳಿದದ್ದು ಆರು ಫ್ರೇಮು. ಅದರ ಮೇಲೆ, ಅದೇ ಸಂಜೆ ತೆಗೆದಿದ್ದ ಅಂಗಳದ ತುಲಸಿಕಟ್ಟೆಯ ಚಿತ್ರವನ್ನು ಎರಡು ಸೆಕೆಂಡು ಹೊದಿಸಿದರು; ಕೆಳಗೆ ಪಡಸಾಲೆಯ ಧ್ವನಿಯು ಕಡಿಯದೆ ಹರಿಯಿತು. ‘ಟಪ್’ ಎಂದ ಕಡೆ ಅಷ್ಟೇ ಅಳತೆಯ ಫ್ಯಾನಿನ ಸದ್ದನ್ನು ತುಂಬಿದರು. ತಂದೆಯವರು ಉಸಿರು ಎಳೆದುಕೊಂಡದ್ದು ಹಾಗೆಯೇ ಉಳಿಯಿತು. ಒಟ್ಟು ನಾಲ್ಕು ಸೆಕೆಂಡು, ನೂರು ಫ್ರೇಮುಗಳು.

ಸಂಧಿಪ್ರಕರಣದಲ್ಲಿ ಪ್ರಕೃತಿಭಾವವೆಂಬುದೊಂದಿದೆ. ದೂರದಲ್ಲಿರುವವರನ್ನು ಕೂಗುವ ಪ್ಲುತಸ್ವರದ ಮುಂದೆಯೂ, ಅಯ್ಯೋ, ಅಬ್ಬಾ ಮೊದಲಾದ ಶಬ್ದಗಳ ಮುಂದೆಯೂ ಸಂಧಿಯನ್ನು ಮಾಡಲಾಗದು. ಸ್ವರಗಳು ಇದ್ದ ಹಾಗೆಯೇ ಬೇರೆಬೇರೆಯಾಗಿ ನಿಲ್ಲತಕ್ಕವು. ಬಾಲಕರು ಇದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಕೂಗಿನ ಬಳಿಯಲ್ಲಿಯೂ ಅಳಲಿನ ಬಳಿಯಲ್ಲಿಯೂ ಬೆಸುಗೆ ಏಕೆ ಸಲ್ಲದೆಂಬುದು ಅವರಿಗೆ ತಿಳಿಯುವುದು ಬಹಳ ವರ್ಷಗಳ ಮೇಲೆ.

ವಾರ್ಷಿಕದ ದಿನ ಬಂಧುಗಳೆಲ್ಲ ಚಿತ್ರವನ್ನು ನೋಡಿ ಮೆಚ್ಚಿದರು. ಬೆಸುಗೆಗಳು ಯಾರ ಗಮನಕ್ಕೂ ಬರಲಿಲ್ಲ. ಎಲ್ಲರೂ ಎಲೆಯ ಮುಂದೆ ಕುಳಿತ ಮೇಲೆ ತಾಯಿ ಮಗನನ್ನು ಕರೆದು, “ಅವರು ನಿಲ್ಲುವ ಕಡೆ ಇನ್ನೊಂದು ಸಲ ಹಾಕು” ಎಂದರು.