ನೋಡದ ಕಂಬದ ಕಥೆ

ನನ್ನ ಮೊಮ್ಮಗಳು ಬೆಂಗಳೂರಿನಲ್ಲಿ ಕಾಲೇಜು ಓದುತ್ತಾಳೆ. ಓದಿನ ಜೊತೆಗೆ ಪಾಡ್‌ಕಾಸ್ಟ್ ಎಂಬುದನ್ನೂ ಮಾಡುತ್ತಾಳೆ. ಹಾಗೆಂದರೇನು ಎಂದು ನನ್ನ ವಯಸ್ಸಿನವರು ಕೇಳಿದರೆ ನಾನು ಹೇಳುವುದು ಇಷ್ಟೇ: ನಮ್ಮ ಭದ್ರಾವತಿ ಆಕಾಶವಾಣಿ ಇದ್ದ ಹಾಗೆ. ಆದರೆ ಮಾತಾಡುವವರು ಮನೆಮಂದಿ, ಕೇಳುವವರು ತಮಗೆ ಬಿಡುವಾದಾಗ ಮೊಬೈಲಿನಲ್ಲಿ ಕೇಳಿಕೊಳ್ಳುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ಶಿವಮೊಗ್ಗಕ್ಕೆ ಬಂದವಳು, “ಅಜ್ಜ, ಈ ಸಲ ಜನರ ಎದುರಿಗೇ ರೆಕಾರ್ಡ್ ಮಾಡೋಣ. ನೀವೇ ನಡೆಸಿಕೊಡಿ. ವಿಷಯ, ಸಿನಿಮಾದಲ್ಲಿ ಇತಿಹಾಸ” ಅಂದಳು. ಮೂವತ್ತೇಳು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು ನಾನು. ಓದಿದ್ದು ಬಿಕಾಂ. ಇತಿಹಾಸಕ್ಕೂ ನನಗೂ ಇದ್ದ ನಂಟು ರಾಜ್‌ಕುಮಾರ್ ಸಿನಿಮಾಗಳ ಮೂಲಕ ಬಂದದ್ದು. ಆದರೂ ಒಪ್ಪಿಕೊಂಡೆ. ಮೈಕು ಅಂದರೆ ಯಾರಿಗೆ ಬೇಡ?

ನಮ್ಮ ಬಡಾವಣೆಯ ದೇವಸ್ಥಾನದ ಪಕ್ಕದ ಸಭಾಂಗಣದಲ್ಲಿ ಅರುವತ್ತು ಕುರ್ಚಿ ಹಾಕಿಸಿದೆವು. ಅಜ್ಜ ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದರು. ನನ್ನ ಹೆಂಡತಿ ಪಾನಕ ಮತ್ತು ಕೋಸಂಬರಿ ಮಾಡಿದ್ದಳು. ಶುರುವಾಗುವ ಮುಂಚೆ ಮೊಮ್ಮಗಳು ಫ್ಯಾನುಗಳನ್ನೆಲ್ಲ ಆರಿಸಿಬಿಟ್ಟಳು. ಅವುಗಳ ಗುಂಯ್ ಸದ್ದು ರೆಕಾರ್ಡಿಂಗಿನಲ್ಲಿ ಬರುತ್ತದಂತೆ. ಮೇ ತಿಂಗಳ ಸೆಕೆ! ಜನ ಪೇಪರಿನಿಂದ ಗಾಳಿ ಹಾಕಿಕೊಳ್ಳತೊಡಗಿದರು. ಆ ಪರಪರ ಸದ್ದು ಫ್ಯಾನಿಗಿಂತ ಜೋರಾಯಿತು. ಕೊನೆಗೆ ಎರಡು ಫ್ಯಾನಿಗೆ ರಾಜಿಯಾಯಿತು.

ಮೊದಲು 1960ರ ‘ರಣಧೀರ ಕಂಠೀರವ’ದಿಂದ ಶುರು ಮಾಡಿದೆ. ಸೋದರಮಾವನ ಸೈಕಲ್ಲಿನ ಹಿಂದೆ ಕೂತು ಹೋಗಿ ನೋಡಿದ ಚಿತ್ರ ಅದು. ಕಂಠೀರವ ನರಸರಾಜ ಒಡೆಯರು ತಿರುಚಿನಾಪಳ್ಳಿಯ ಜಟ್ಟಿಯನ್ನು ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರೇ ಶ್ರೀರಂಗಪಟ್ಟಣದಲ್ಲಿ ಟಂಕಸಾಲೆ ಸ್ಥಾಪಿಸಿ ಕಂಠೀರಾಯಿ ಹಣ ಎಂಬ ನಾಣ್ಯ ಹೊರಡಿಸಿದವರು. ಬ್ಯಾಂಕಿನವನಾದ ನನಗೆ ಜಟ್ಟಿಗಿಂತ ಅದೇ ದೊಡ್ಡ ಸಂಗತಿ. ಟಂಕಸಾಲೆಯ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ ಅಂದೆ. ಎಲ್ಲರೂ ನಕ್ಕರು. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ನಿರ್ದೇಶಕ ಬಿ.ಆರ್. ಪಂತುಲು ಅವರೇ ತಿಮ್ಮರಸು ಆಗಿದ್ದನ್ನೂ ನೆನಪಿಸಿದೆ. ನನಗೆ ಧೈರ್ಯ ಬಂದಿತ್ತು. ಆಮೇಲೆ ‘ಮಯೂರ’ಕ್ಕೆ ಬಂದೆ.

ಆ ಚಿತ್ರ ಬಂದದ್ದು 1975ರಲ್ಲಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ್ದು. ಆಮೇಲೆ ನನಗೆ ಶಿರಾಳಕೊಪ್ಪಕ್ಕೆ ವರ್ಗವಾದಾಗ ಅಲ್ಲಿನ ಟೂರಿಂಗ್ ಟಾಕೀಸಿನಲ್ಲಿ ಅದನ್ನು ಮತ್ತೆ ಮೂರು ಸಲ ನೋಡಿದೆ. ಬಡ ಬ್ರಾಹ್ಮಣ ಹುಡುಗ ಅಂದುಕೊಂಡವನು ಕದಂಬರ ರಾಜವಂಶದವನು ಎಂದು ಗೊತ್ತಾಗುವುದು, ಪಲ್ಲವರಿಂದ ರಾಜ್ಯ ಗೆಲ್ಲುವುದು, ಇದನ್ನೆಲ್ಲ ಅಭಿನಯ ಸಮೇತ ಹೇಳಿದೆ. ಚಪ್ಪಾಳೆ ಬಿತ್ತು.

ಆಗ ಮೂರನೆಯ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. ಏಳನೇ ಕ್ಲಾಸು.

“ಅಜ್ಜ, ಸಿನಿಮಾದಲ್ಲಿ ಅವನು ರಾಜಕುಮಾರ. ಆದರೆ ತಾಳಗುಂದದ ಶಾಸನದಲ್ಲಿ ಅವನು ಕಂಚಿಗೆ ಓದೋಕೆ ಹೋಗಿದ್ದ ವಿದ್ಯಾರ್ಥಿ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿ ಸಿಟ್ಟಲ್ಲಿ ಕತ್ತಿ ಹಿಡಿದ ಅಂತ ನಮ್ಮ ಮೇಷ್ಟ್ರು ಹೇಳಿದ್ರು. ಯಾವುದು ಸರಿ?”

“ಸಿನಿಮಾದವರೂ ಶಾಸನ ನೋಡಿಯೇ ಮಾಡಿರ್ತಾರೆ ಪುಟ್ಟಿ” ಅಂದೆ.

“ನೀವು ಆ ಶಾಸನ ನೋಡಿದ್ದೀರಾ?”

“ನೋಡದೆ ಏನು! ಶಿರಾಳಕೊಪ್ಪದ ಪಕ್ಕದಲ್ಲೇ ತಾಳಗುಂದ. ಮೂರು ವರ್ಷ ಅಲ್ಲೇ ಇದ್ದೆನಲ್ಲ.”

“ಹಾಗಾದರೆ ಅಕ್ಷರಗಳನ್ನ ಯಾಕೆ ಅಡ್ಡಡ್ಡ ಬರೀದೆ ಕಂಬದ ಉದ್ದಕ್ಕೆ ಬರೆದಿದ್ದಾರೆ ಅಜ್ಜ?”

ಮಕ್ಕಳೇ, ನಿಜ ಹೇಳುತ್ತೇನೆ. ಅಕ್ಷರಗಳು ಹಾಗಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ನಾನು ತಾಳಗುಂದಕ್ಕೆ ಹೋಗಿರಲಿಲ್ಲ. ಆ ಊರಿನ ರೈತರ ಸಾಲದ ಖಾತೆಗಳನ್ನು ನನ್ನ ಕೈಯಾರೆ ಬರೆದಿದ್ದೇನೆ, ಊರಿಗೆ ಮಾತ್ರ ಹೋಗಿರಲಿಲ್ಲ. ಭಾನುವಾರ ಬಂದರೆ ಟಾಕೀಸು, ಇಲ್ಲವೇ ನಿದ್ದೆ. “ಜಾಗ ಉಳಿಸೋದಕ್ಕೆ” ಎಂದು ಏನೋ ಹೇಳಿ ನಗಿಸಿ, ಪಾನಕಕ್ಕೆ ಕರೆದುಬಿಟ್ಟೆ. ಹುಡುಗಿ ಪಾಪ, ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಆ ನೋಟ್‌ಬುಕ್ ನನ್ನನ್ನು ರಾತ್ರಿಯೆಲ್ಲ ಕಾಡಿತು. ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ಒಮ್ಮೆ ನಲವತ್ತು ಪೈಸೆಗಾಗಿ ರಾತ್ರಿ ಹತ್ತರವರೆಗೆ ಲೆಡ್ಜರು ತಿರುವಿದ್ದೇವೆ. ಅಂಥವನು ಅರುವತ್ತು ಜನರ ಎದುರು ಸುಳ್ಳು ಹೇಳಿ ಕೋಸಂಬರಿ ತಿಂದು ಬಂದಿದ್ದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಮೊಮ್ಮಗಳಿಗೆ ಹೇಳಿದೆ. ಅವಳು ನಗಲಿಲ್ಲ. ಅದೇ ಕಷ್ಟವಾಯಿತು. ಸ್ವಲ್ಪ ಹೊತ್ತು ಬಿಟ್ಟು, “ಆ ಭಾಗ ಕಟ್ ಮಾಡ್ಲಾ ಅಜ್ಜ? ಯಾರಿಗೂ ಗೊತ್ತಾಗಲ್ಲ” ಅಂದಳು.

ಹೂಂ ಅನ್ನುವವನೇ ಇದ್ದೆ. ಆದರೆ ಲೆಡ್ಜರಿನಲ್ಲಿ ತಪ್ಪು ಬರೆದರೆ ಅಳಿಸುವ ಹಾಗಿರಲಿಲ್ಲ, ಹಾಳೆ ಕೀಳುವ ಹಾಗಂತೂ ಇರಲೇ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ತಪ್ಪು ಏನಿತ್ತು ಎಂದು ಮುಂದೆ ನೋಡುವವರಿಗೆ ಕಾಣಬೇಕು. “ಕಟ್ ಬೇಡ. ಸಹಿ ಹಾಕೋಣ, ನಡಿ” ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ವಿವರಿಸಿದೆ.

ಶಿಕಾರಿಪುರ ದಾಟಿ ಶಿರಾಳಕೊಪ್ಪದಲ್ಲಿ ಇಳಿದು ಆಟೋ ಹಿಡಿದೆವು. ಎಷ್ಟು ಹತ್ತಿರ ಅಂದರೆ ನಾಚಿಕೆಯಾಯಿತು. ಪ್ರಣವೇಶ್ವರ ದೇವಸ್ಥಾನದ ಮುಂದೆ ಎಂಟು ಮುಖದ ಕಲ್ಲಿನ ಕಂಬ. ಹುಡುಗಿ ಹೇಳಿದ್ದು ಸರಿ, ಸಾಲುಗಳು ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಏರುತ್ತವೆ. ತಲೆಯ ಮೇಲೆ ಪುಟ್ಟ ಪೆಟ್ಟಿಗೆ ಹೊತ್ತಂಥ ಅಕ್ಷರಗಳು. ನಾವಿಬ್ಬರೂ ಕತ್ತು ವಾಲಿಸಿ ನೋಡಿದೆವು. ನನ್ನ ಕತ್ತು ಅಷ್ಟು ವಾಲುವುದಿಲ್ಲ, ಸ್ಪಾಂಡಿಲೋಸಿಸ್. ಓದಲು ಇಬ್ಬರಿಗೂ ಬರಲಿಲ್ಲ. ಭಾಷೆ ಸಂಸ್ಕೃತ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಎಂಬ ಕವಿ ಕಾವ್ಯ ಕಟ್ಟಿ, ತಾನೇ ಕಲ್ಲಿನ ಮೇಲೆ ಬರೆದದ್ದು.

ಮೊಮ್ಮಗಳು ಅನುವಾದ ತಂದಿದ್ದಳು, ಅರಳಿ ನೆರಳಲ್ಲಿ ಕೂತು ಓದಿ ಹೇಳಿದಳು. ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಆ ಕಾಲದ ದೊಡ್ಡ ವಿದ್ಯಾಶಾಲೆಗೆ ಹೋದ. ಆ ವೀರಶರ್ಮ ಬರೀ ಗುರು ಅಲ್ಲ, ಅವನ ಅಜ್ಜನೂ ಹೌದು ಎಂದು ಬನವಾಸಿ ಹತ್ತಿರದ ಗುಡ್ನಾಪುರದ ಶಾಸನ ಹೇಳುತ್ತದೆ. ರಾಜವಂಶದ ಮಾತೇ ಇಲ್ಲ. ದರ್ಭೆ ಹಿಡಿಯುತ್ತಿದ್ದ ಕೈ ಕತ್ತಿ ಹಿಡಿಯಿತು, ಕಾಡು ಸೇರಿ ಪಲ್ಲವರ ಗಡಿ ಕಾಯುವವರನ್ನು ಸೋಲಿಸಿತು, ಕೊನೆಗೆ ಪಲ್ಲವರೇ ರಾಜಿಗೆ ಬಂದರು.

ನಾನು ಮಾತ್ರ ಅಜ್ಜನ ಹತ್ತಿರವೇ ನಿಂತುಬಿಟ್ಟೆ. ಮೊಮ್ಮಗನನ್ನು ಓದಿಸಲು ಬನವಾಸಿ ಸೀಮೆಯಿಂದ ಕಂಚಿಯವರೆಗೆ ಹೋದ ಮುದುಕ. ಹುಡುಗ ಪುಸ್ತಕ ಬಿಟ್ಟು ಕತ್ತಿ ಹಿಡಿದಾಗ ಆತ ಏನಂದನೋ! ನಾಲ್ಕು ಸಲ ನೋಡಿದ ಸಿನಿಮಾದಲ್ಲಿ ಇದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನನ್ನು ಇಲ್ಲಿಗೆ ಕರೆತಂದದ್ದು ಮೊಮ್ಮಗಳು, ಅಷ್ಟೇ ವ್ಯತ್ಯಾಸ.

ಕಂಬದ ಪಕ್ಕದಲ್ಲೇ ಅವಳು ಮೈಕು ಹಿಡಿದಳು. “ಮೊನ್ನೆ ಈ ಕಂಬ ನೋಡಿದ್ದೇನೆ ಅಂದೆ. ನೋಡಿರಲಿಲ್ಲ. ಇವತ್ತು ನೋಡಿದೆ. ಜಾಗ ಉಳಿಸೋದಕ್ಕೆ ಅಂದದ್ದನ್ನು ನೋಟ್‌ಬುಕ್ಕಿನಲ್ಲಿ ಹೊಡೆದುಹಾಕು ಪುಟ್ಟಿ, ಅದು ನನ್ನ ಬಾಯಿಗೆ ಬಂದದ್ದು” ಎಂದೆ. ದನ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರ ಹೋಯ್ ಹೋಯ್ ಕೂಡ ಅದರಲ್ಲಿ ಸೇರಿಕೊಂಡಿದೆ. ಅದನ್ನೂ ಕಟ್ ಮಾಡಿಲ್ಲ.

ಒಂದು ವಾರದ ಮೇಲೆ ಆ ಹುಡುಗಿ ತನ್ನ ಅಜ್ಜಿಯ ಫೋನಿನಿಂದ ದನಿ ಕಳಿಸಿದ್ದಳು. ಮೇಷ್ಟ್ರಿಗೂ ಕೇಳಿಸಿದಳಂತೆ. “ಅಜ್ಜ, ಮುಂದಿನ ಸಲ ಹಲ್ಮಿಡಿ ಬಗ್ಗೆ ಮಾಡ್ತೀರಾ? ಅಲ್ಲಿಗೆ ಹೋಗಿದ್ದೀರಾ?”

ಇಲ್ಲ ಎಂದು ಈ ಸಲ ಮೊದಲೇ ಹೇಳಿಬಿಟ್ಟೆ.