ಗುಜರಿಗೆ ಹೊರಟಿದ್ದ ದೋಣಿ

ವಿಮಾನಕ್ಕೂ ಮೀನು ಹಿಡಿಯುವ ದೋಣಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತೇವೆ. ಅಮೆರಿಕದಲ್ಲಿ ಮಾತ್ರ ಈ ನಂಟು ನಿಜ. 1944ರಲ್ಲಿ ಗ್ರಮ್ಮನ್ ವಿಮಾನ ಕಂಪನಿಯ ವಿಲಿಯಂ ಹಾಫ್‌ಮನ್ ಎಂಬುವರು ರಜೆಯಲ್ಲಿ ಭಾರದ ದೋಣಿಯೊಂದನ್ನು ಹೊತ್ತು ಸುಸ್ತಾದರು. ವಿಮಾನದ ಅಲ್ಯೂಮಿನಿಯಂ ತಗಡಿನಲ್ಲೇ ದೋಣಿ ಮಾಡಿದರೆ ಹೇಗೆ ಎಂಬ ಯೋಚನೆ ಅವರಿಗೆ ಹೊಳೆಯಿತು. ಯುದ್ಧ ಮುಗಿದ ಮೇಲೆ ಇಂಥ ದೋಣಿಗಳ ಕಾಲವೇ ಬಂತು. ಕೆರೆಗಳ ನಾಡಾದ ಮಿನೆಸೋಟದಲ್ಲಿ 1946ರಲ್ಲಿ ಆಲ್ಯುಮಾಕ್ರಾಫ್ಟ್, 1948ರಲ್ಲಿ ಲುಂಡ್ ಕಂಪನಿಗಳು ಹುಟ್ಟಿದವು.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನಾನು 2018ರ ಬೇಸಿಗೆಯಲ್ಲಿ ಮಿನೆಸೋಟದ ಮಗನ ಮನೆಯಲ್ಲಿದ್ದೆ. ಮೊಮ್ಮಗನಿಗೆ ಆಗ ಹದಿನೈದು. ವಿಜ್ಞಾನದಲ್ಲಿ ಅಂಕ ಕುಸಿದಿತ್ತು. ಅಪ್ಪ-ಮಗನಿಗೆ ಮಾತು ನಿಂತುಹೋಗುವಷ್ಟು ಮುನಿಸು. ಅದೇ ಸಮಯಕ್ಕೆ ಪಕ್ಕದ ಮನೆಯ ಅಜ್ಜಿ, ತೀರಿಕೊಂಡ ಗಂಡನ ಹಳೆಯ ದೋಣಿಯನ್ನು ಗುಜರಿಗೆ ಹಾಕಲು ಹೊರಟಿದ್ದರು. ಹುಡುಗ ತನಗೆ ಬೇಕೆಂದ. “ಒಂದು ತಿಂಗಳಲ್ಲಿ ನೀರಿಗಿಳಿಸಿದರೆ ನಿನ್ನದು, ಇಲ್ಲದಿದ್ದರೆ ಗುಜರಿಯವನದು” ಎಂದರು ಅಜ್ಜಿ. “ಅಪ್ಪಾ, ನೀವಾದರೂ ಅವನಿಗೆ ಓದಿಕೋ ಅಂತ ಹೇಳಿ” ಎಂದ ಮಗ. “ಇದೂ ಓದೇ ಕಣೋ, ನೋಡೋಣ” ಎಂದೆ.

ಮೊದಲು ಅದು ಯಾವ ಕಾಲದ್ದೆಂದು ತಿಳಿಯಬೇಕಿತ್ತು. ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ತಯಾರಾದ ದೋಣಿಗಳ ಹಿಂಭಾಗದ ಬಲಗಡೆ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಇರಬೇಕು. ಮೊದಲ ಮೂರು ತಯಾರಕರ ಸಂಕೇತ. ಎಷ್ಟು ಭಾರ ಹೊರಬಹುದೆಂದು ತಿಳಿಸುವ ಫಲಕವೂ ಬೇಕು. ಇದರಲ್ಲಿ ಎರಡೂ ಇರಲಿಲ್ಲ. ಫಲಕ ಉದುರಿಯೂ ಹೋಗಿರಬಹುದಲ್ಲ? ರಿವೆಟ್‌ಗಳ ಸಾಲು, ಸೀಟುಗಳ ಜೋಡಣೆ, ಮೂಲೆಯ ಅಚ್ಚುಗಳನ್ನು ಹುಡುಗ ಹಳೆಯ ಕ್ಯಾಟಲಾಗುಗಳ ಚಿತ್ರದೊಡನೆ ಹೋಲಿಸಿ ಆಲ್ಯುಮಾಕ್ರಾಫ್ಟ್ ಎಂದ. ಅಜ್ಜಿ ಗಂಡನ ಗಾಳದ ಪೆಟ್ಟಿಗೆ ಹುಡುಕಿ ತಂದರು. ತಳದಲ್ಲಿ 1964ರ ಲೈಸೆನ್ಸ್ ಚೀಟಿ! ಅದರಲ್ಲಿ ಕಂಪನಿಯ ಹೆಸರೂ ಹದಿನಾಲ್ಕು ಅಡಿ ಉದ್ದವೂ ನಮೂದಾಗಿದ್ದವು. ಅಜ್ಜಿ ಆ ಚೀಟಿಯನ್ನು ಸವರುತ್ತಾ ಬಹಳ ಹೊತ್ತು ಕುಳಿತಿದ್ದರು.

ಸೋರುವ ಜಾಗ ಹುಡುಕಲು ದೋಣಿಯ ಒಳಗೇ ಸ್ವಲ್ಪ ನೀರು ಸುರಿದೆವು. ಹೊರಗೆ ತೊಟ್ಟಿಕ್ಕಿದ ರಿವೆಟ್‌ಗಳಿಗೆ ಪೆನ್ಸಿಲ್ ಗುರುತು. ಸಡಿಲವಾದ ರಿವೆಟ್ ಬಿಗಿಸಲು ಇಬ್ಬರು ಬೇಕು: ಒಬ್ಬ ಒಂದು ಕಡೆಯಿಂದ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಇನ್ನೊಬ್ಬ ಇನ್ನೊಂದು ಕಡೆಯಿಂದ ಸುತ್ತಿಗೆಯಲ್ಲಿ ಬಡಿಯಬೇಕು. ನನ್ನ ಕೈ ಎರಡೇ ದಿನಕ್ಕೆ ಸೋತಿತು. ಮೂರನೆಯ ಸಂಜೆ ಕಬ್ಬಿಣ ಹಿಡಿದವನು ಮಗ. ಮಾತಿಲ್ಲ, ಬರೀ ಟಕಟಕ ಸದ್ದು.

ಎಂಜಿನ್ ಸಿಕ್ಕಿಸುವ ಹಿಂಭಾಗದ ಹಲಗೆ ಕೊಳೆತಿತ್ತು. ಗೆದ್ದಲು ಹಿಡಿಯದಂತೆ ತಾಮ್ರದ ಲವಣ ಕುಡಿಸಿದ ಹಲಗೆ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಕೂಡದು. ತಾಮ್ರ, ಅಲ್ಯೂಮಿನಿಯಂ, ನೀರು ಮೂರೂ ಸೇರಿದರೆ ಪುಟ್ಟ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಸವೆದುಹೋಗುತ್ತದೆ. ನೀರಿಗೆ ತಡೆಯುವ ಪ್ಲೈವುಡ್ ತಂದು ಎಪಾಕ್ಸಿ ಬಳಿದೆವು. ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದು ಮುಖಕ್ಕೆ ಮಾಸ್ಕ್ ಹಾಕಿ, ಒದ್ದೆ ಮಾಡಿಯೇ ಉಜ್ಜಿದೆವು.

ಎಲ್ಲಕ್ಕಿಂತ ಮುಖ್ಯವಾದದ್ದು ಸೀಟುಗಳ ಕೆಳಗಿನ ಫೋಮ್. ದೋಣಿ ಮಗುಚಿದಾಗ ಅದನ್ನು ತೇಲಿಸುವುದು ಇದೇ. ನಮ್ಮದು ನೀರು ಕುಡಿದು ಕಲ್ಲಿನಂತಾಗಿತ್ತು. ಹೊಸದು ಎಷ್ಟು ಬೇಕು? ಹುಡುಗ ಕಾಗದ ತೆಗೆದುಕೊಂಡ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ಮುಳುಗಿದಾಗ ಅದರ ತೂಕದಲ್ಲಿ ಶೇಕಡ 37ರಷ್ಟನ್ನು ನೀರೇ ಹೊರುತ್ತದೆ. ದೋಣಿ 90 ಕಿಲೋ ಎಂದರೆ ಉಳಿದದ್ದು ಸುಮಾರು 57. ಎಂಜಿನ್ನಿಗೆ 25 ಸೇರಿಸಿದರೆ 82. ಒಂದು ಲೀಟರ್ ಫೋಮ್ ಹೆಚ್ಚುಕಡಿಮೆ ಒಂದು ಕಿಲೋ ಎತ್ತಿಹಿಡಿಯುತ್ತದೆ. “120 ಲೀಟರ್ ಹಾಕೋಣ ತಾತ. ನಾವು ಹಿಡಿದುಕೊಂಡು ನೇತಾಡಬೇಕಲ್ಲ” ಎಂದ. ಪರೀಕ್ಷೆಯಲ್ಲಿ ಅವನು ಬಿಟ್ಟುಬಂದಿದ್ದ ಆರ್ಕಿಮಿಡೀಸ್‌ನ ಪ್ರಶ್ನೆಯೇ ಇದು. ಈಗ ಲೆಕ್ಕ ತಪ್ಪಿದರೆ ಹೋಗುವುದು ಅಂಕವಲ್ಲ, ಜೀವ. ಅವನು ಮೂರು ಸಲ ಮಾಡಿ ನೋಡಿದ. ಮಗ ಪಕ್ಕದಲ್ಲಿ ಕುಳಿತು ನಾಲ್ಕನೆಯ ಸಲ ಮಾಡಿದ. ಉತ್ತರ ಒಂದೇ ಬಂತು.

ಇಪ್ಪತ್ತೆಂಟನೆಯ ದಿನ ಸೊಂಟದುದ್ದದ ನೀರಿನಲ್ಲಿ, ಜೀವರಕ್ಷಕ ಅಂಗಿ ತೊಟ್ಟು, ಅಪ್ಪ-ಮಗ ಸೇರಿ ಬೇಕೆಂದೇ ದೋಣಿಗೆ ನೀರು ತುಂಬಿದರು. ಅಂಚಿನವರೆಗೆ ಇಳಿಯಿತು, ನಿಂತಿತು, ಮುಳುಗಲಿಲ್ಲ. ದಡದಲ್ಲಿ ಅಜ್ಜಿ ಚಪ್ಪಾಳೆ ತಟ್ಟಿದರು.

ನಮ್ಮೂರುಗಳ ಮನೆಗಳಲ್ಲಿ ದೋಣಿ ಇರಲಿಕ್ಕಿಲ್ಲ. ಕೆಟ್ಟು ಮೂಲೆ ಸೇರಿದ ಸೈಕಲ್ಲೋ ಹೊಲಿಗೆ ಯಂತ್ರವೋ ಇದ್ದೇ ಇರುತ್ತದೆ. ಈ ರಜೆಯಲ್ಲಿ ಮಕ್ಕಳ ಕೈಗೆ ಅದನ್ನು ಕೊಟ್ಟು, ಪಕ್ಕದಲ್ಲಿ ನೀವೂ ಕುಳಿತು ಸ್ಪ್ಯಾನರ್ ಹಿಡಿಯಿರಿ. ಅಂಕಪಟ್ಟಿಯ ಮಾತು ಆಮೇಲೆ ಆಡಬಹುದು.